ಮಾತ್ರೆಯನ್ನು ನಂಬಿ ಸ್ಪ್ರೇಗೆ ಹೆದರಿದ ನಮ್ಮಣ್ಣ: ಒಂದು ಸೈನಸ್ ಪ್ರಕರಣ

ಇದು ನಮ್ಮಣ್ಣನ ಪ್ರಕರಣ. ಅವನು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಿದ್ದಾನೆ, ಹಾಗಾಗಿ ಊರು, ಆಸ್ಪತ್ರೆ, ಡಾಕ್ಟರು ಯಾರ ಹೆಸರೂ ಇಲ್ಲಿಲ್ಲ. ನಾನು ಫಾರ್ಮಸಿ ಓದುವ ಮಕ್ಕಳಿಗೆ ಪಾಠ ಮಾಡುತ್ತೇನೆ. ಉರಿಯೂತ ಇಳಿಸುವ ಸ್ಟೀರಾಯ್ಡ್ ಔಷಧ ದೇಹದಲ್ಲಿ ಹೇಗೆ ಕೆಲಸ ಮಾಡುತ್ತೆ ಅನ್ನೋದು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವ ವಿಷಯ. ಆದರೂ ನಮ್ಮ ಮನೆಯಲ್ಲೇ ಅಣ್ಣ ಎರಡೂವರೆ ವರ್ಷ ಒಂದು ಸ್ಟೀರಾಯ್ಡ್ ಮಾತ್ರೆಯನ್ನು ಲೆಕ್ಕವಿಲ್ಲದೆ ನುಂಗಿದ, ಇನ್ನೊಂದು ಸ್ಟೀರಾಯ್ಡನ್ನು ಹೆದರಿ ಕಸದ ಬುಟ್ಟಿಗೆ ಹಾಕಿದ. ಹೆದರಬೇಕಾದದ್ದು ಯಾವುದಕ್ಕೆ, ನಂಬಬೇಕಾದದ್ದು ಯಾವುದನ್ನು ಅನ್ನೋದು ಪೂರ್ತಿ ಅದಲು ಬದಲಾಗಿತ್ತು. ಇದನ್ನು ಹೇಳಬೇಕು ಅಂತಲೇ ಕೂತಿದ್ದೇನೆ.

ಅಣ್ಣನಿಗೆ ಈಗ 46. ಹಾಸನದ ಕಡೆ ಒಂದು ಸಣ್ಣ ಊರಿನಲ್ಲಿ ಕಾಫಿಪುಡಿ ಅಂಗಡಿ. ಬೀಜ ಹುರಿಯೋದು, ಪುಡಿ ಮಾಡೋದು, ಚಿಕೋರಿ ಬೆರೆಸೋದು ಎಲ್ಲ ಅವನೇ. ಅಪ್ಪನ ಕಾಲದ ಡ್ರಮ್ ಇದೆ. ಎಷ್ಟು ಹುರಿದರೆ ಸಾಕು ಅನ್ನೋದನ್ನು ಬಣ್ಣ ನೋಡಿ, ಬೀಜ ಚಟಪಟ ಅನ್ನುವ ಸದ್ದು ಕೇಳಿ, ಎಲ್ಲಕ್ಕಿಂತ ಹೆಚ್ಚಾಗಿ ಮೂಗಿನಿಂದ ಅಳೆಯುವ ಮನುಷ್ಯ.

2020ರ ಕೊನೆಯಲ್ಲಿ ಅವನಿಗೆ ವಾಸನೆ ಹೋಯಿತು. ಆಗ ಕೋವಿಡ್ ಕಾಲ. ವಾಸನೆ ಹೋಯ್ತು ಅಂದರೆ ಸಾಕು, ಮನೆಯವರೆಲ್ಲ ದೂರ ನಿಲ್ಲುತ್ತಿದ್ದರು. ಟೆಸ್ಟ್ ಮಾಡಿಸಿದ, ನೆಗೆಟಿವ್. ಇನ್ನೊಮ್ಮೆ ಮಾಡಿಸಿದ, ಮತ್ತೆ ನೆಗೆಟಿವ್. ಕೂತು ವಿಚಾರಿಸಿದಾಗ ಗೊತ್ತಾಯಿತು, ಅದು ಒಂದೇ ದಿನ ಹೋದದ್ದಲ್ಲ. ವರ್ಷದಿಂದ ಮೂಗು ಕಟ್ಟುತ್ತಿತ್ತು, ಗಂಟಲಿಗೆ ಸಿಂಬಳ ಇಳಿಯುತ್ತಿತ್ತು, ಹುಬ್ಬಿನ ಮಧ್ಯೆ ಭಾರ, ರಾತ್ರಿ ಬಾಯಲ್ಲೇ ಉಸಿರು. "ನೆಗಡಿ ಅಷ್ಟೇ" ಅಂತ ತಿಂಗಳುಗಟ್ಟಲೆ ತಳ್ಳಿದ್ದ. ಮಾಮೂಲಿ ನೆಗಡಿ ವಾರ ಹತ್ತು ದಿನಕ್ಕೆ ಇಳಿಯಬೇಕು. ಇಂಥ ತೊಂದರೆ 12 ವಾರ ದಾಟಿತು ಅಂದರೆ ಅದು ಸೈನಸ್‌ಗಳ, ಅಂದರೆ ಮೂಗಿನ ಸುತ್ತಲ ಮೂಳೆಯೊಳಗಿನ ಗಾಳಿಗೂಡುಗಳ, ದೀರ್ಘಕಾಲದ ಉರಿಯೂತ ಇರಬಹುದು, ಒಳಗೆ ನೋಡಿಯೇ ತೀರ್ಮಾನಿಸಬೇಕು.

ಕಿವಿ ಮೂಗು ಗಂಟಲಿನ ಡಾಕ್ಟರು ಮೂಗಿನೊಳಗೆ ತೆಳು ಕ್ಯಾಮೆರಾ ಬಿಟ್ಟು ಪರದೆಯಲ್ಲಿ ತೋರಿಸಿದರು. ಎರಡೂ ಕಡೆ ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗೆ ಮಸುಕು ಬಣ್ಣದ, ಹೊಳೆಯುವ ಗಡ್ಡೆಗಳು. ಇವೇ ಪಾಲಿಪ್. ನಮ್ಮ ಕಡೆ ಮೂಗಲ್ಲಿ ದುರ್ಮಾಂಸ ಬೆಳೆದಿದೆ ಅಂತಾರೆ. ಹೆಸರು ಕೇಳಿದರೆ ಹೆದರಿಕೆ ಆಗುತ್ತೆ, ಆದರೆ ಎರಡೂ ಕಡೆ ಹೀಗೆ ಬರುವ ಪಾಲಿಪ್ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಊದಿ, ನೀರು ತುಂಬಿ, ಜೋತು ಬಿದ್ದ ಮೂಗಿನ ಒಳಪೊರೆ ಅಷ್ಟೇ. ಒಂದೇ ಕಡೆ ಇದ್ದರೆ, ರಕ್ತ ಬರುತ್ತಿದ್ದರೆ ಮಾತ್ರ ಬೇಗ ಪರೀಕ್ಷೆ ಮಾಡಿಸಲೇಬೇಕು.

ಚೀಟಿಯಲ್ಲಿ ಮೂರು ಇತ್ತು. ದಿನಕ್ಕೆರಡು ಸಲ ಉಪ್ಪುನೀರಿನಲ್ಲಿ ಮೂಗು ತೊಳೆಯುವುದು. ಮೊಮೆಟಾಸೋನ್ ಅನ್ನುವ ಸ್ಟೀರಾಯ್ಡ್ ಸ್ಪ್ರೇ, ಪ್ರತಿ ಹೊಳ್ಳೆಗೆ ಎರಡೆರಡು ಸಲ, ಬೆಳಿಗ್ಗೆ ಸಂಜೆ. ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ, 10 ಮಿಲಿಗ್ರಾಂನದು ಬೆಳಿಗ್ಗೆ ತಿಂಡಿ ಆದ ಮೇಲೆ ಮೂರು, ಏಳು ದಿನ ಮಾತ್ರ. ಈ "ಮಾತ್ರ" ಅನ್ನುವ ಪದದ ಕೆಳಗೆ ಡಾಕ್ಟರು ಗೆರೆಯನ್ನೂ ಎಳೆದಿದ್ದರು.

ಮೂರನೇ ದಿನ ಬೆಳಿಗ್ಗೆ ಅಣ್ಣ ಫೋನ್ ಮಾಡಿದ. ಡ್ರಮ್ಮಿನ ಬಾಗಿಲು ತೆಗೆದಾಗ ಹೊಗೆಯ ಜೊತೆ ವಾಸನೆ ಬಂತಂತೆ. ಹುರಿದ ಬೀಜವನ್ನು ಬೊಗಸೆ ತುಂಬ ಹಿಡಿದು ಮೂಗಿಗೆ ಒತ್ತಿಕೊಂಡು ನಿಂತುಬಿಟ್ಟನಂತೆ, ಕೈ ಸುಡುತ್ತಿದ್ದರೂ. ಒಂದು ವರ್ಷದಿಂದ ಅಂಗಡಿಯ ಹುಡುಗನನ್ನು ಕರೆದು "ಸೀದ ವಾಸನೆ ಬರ್ತಿದೆಯಾ ನೋಡು" ಅಂತ ಕೇಳುತ್ತಿದ್ದವನು. ಅವನ ಸಂತೋಷ ನನಗೆ ಅರ್ಥವಾಗುತ್ತೆ. ಆ ಮೂರನೇ ದಿನವೇ ಮುಂದಿನ ಎಲ್ಲ ತೊಂದರೆಯ ಬೀಜ ಅನ್ನೋದು ಮಾತ್ರ ಆಗ ಗೊತ್ತಾಗಲಿಲ್ಲ.

ಸ್ಪ್ರೇಯನ್ನು ಐದು ದಿನ ಹೊಡೆದು ಬಿಟ್ಟ. "ಹೊಡೆದರೂ ಮೂಗು ಬಿಡಲ್ಲ, ಗಂಟಲಿಗೆ ಕಹಿ ಇಳಿಯುತ್ತೆ, ಮೂಗಲ್ಲಿ ರಕ್ತದ ಎಳೆ ಬರುತ್ತೆ" ಅಂದ. ಅವನು ಹೋಲಿಸುತ್ತಿದ್ದದ್ದು ಮೂಗು ಕಟ್ಟಿದಾಗ ಬಿಡುವ ಕ್ಸೈಲೋಮೆಟಾಜೋಲಿನ್ ಡ್ರಾಪ್ಸ್ ಜೊತೆ. ಆ ಡ್ರಾಪ್ಸ್ ರಕ್ತನಾಳಗಳನ್ನು ಬಿಗಿ ಮಾಡುತ್ತೆ, ಐದು ಹತ್ತು ನಿಮಿಷಕ್ಕೆ ಮೂಗು ತೆರೆಯುತ್ತೆ. ಊತದ ಕಾರಣವನ್ನು ಮುಟ್ಟುವುದೇ ಇಲ್ಲ. ಒಂದು ವಾರಕ್ಕಿಂತ ಜಾಸ್ತಿ ಬಳಸಿದರೆ ಅದಿಲ್ಲದೆ ಮೂಗು ತೆರೆಯದ ಸ್ಥಿತಿ ಬರಬಹುದು. ಸ್ಟೀರಾಯ್ಡ್ ಸ್ಪ್ರೇ ಬೇರೆಯದೇ ಕೆಲಸದ ಔಷಧ, ಅದರ ಗಡಿಯಾರವೂ ಬೇರೆ.

ಆಮೇಲೆ 2021ರ ಮೇ ಬಂತು. ಕಪ್ಪು ಶಿಲೀಂಧ್ರದ ಸುದ್ದಿ ದಿನಾ ಪತ್ರಿಕೆಯಲ್ಲಿ, ಟೀವಿಯಲ್ಲಿ. ಕಣ್ಣು ತೆಗೆದ ಚಿತ್ರಗಳು, ಸೈನಸ್, ಸ್ಟೀರಾಯ್ಡ್ ಅನ್ನುವ ಪದಗಳು. ಪ್ರಕರಣಗಳನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ಆದೇಶವೂ ಆಯಿತು. ಅಣ್ಣ ಸ್ಪ್ರೇ ಡಬ್ಬಿಯ ಮೇಲೆ ಸ್ಟೀರಾಯ್ಡ್ ಅನ್ನುವ ಪದ ಓದಿದ, ಬಿಸಾಡಿದ. ಅವತ್ತು ನಾನು ಫೋನಿನಲ್ಲಿ ಸರಿಯಾಗಿ ವಿವರಿಸಬೇಕಿತ್ತು. "ಸ್ಪ್ರೇಯಿಂದ ಹಾಗಾಗಲ್ಲ ಕಣೋ" ಅಂತಷ್ಟೇ ಹೇಳಿ ಇಟ್ಟುಬಿಟ್ಟೆ. ಅದು ನನ್ನ ತಪ್ಪು. ಕಪ್ಪು ಶಿಲೀಂಧ್ರಕ್ಕೆ ದಾರಿ ಮಾಡಿದ್ದು ಬಹಳ ಸಲ ಹತೋಟಿ ತಪ್ಪಿದ ಶುಗರ್, ಜೊತೆಗೆ ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ದಿನ ಕೊಟ್ಟ ಮಾತ್ರೆ ಮತ್ತು ಇಂಜೆಕ್ಷನ್ ರೂಪದ ಸ್ಟೀರಾಯ್ಡ್, ಮೇಲೆ ಕೋವಿಡ್. ಮೂಗಿಗೆ ಹೊಡೆಯುವ ಮೈಕ್ರೋಗ್ರಾಂ ಲೆಕ್ಕದ ಸ್ಪ್ರೇ ಆ ಸಾಲಿನಲ್ಲಿ ನಿಲ್ಲುವಂಥದ್ದಲ್ಲ.

ಮತ್ತೆ ವಾಸನೆ ಹೋದಾಗ ಅಣ್ಣ ಹಳೇ ಚೀಟಿ ತೆಗೆದುಕೊಂಡು ಮೆಡಿಕಲ್ ಶಾಪಿಗೆ ಹೋದ. ಮಾತ್ರೆ ಕೊಟ್ಟರು. ಅವನ ಬಾಯಲ್ಲಿ ಅದು "ಮೂಗಿನ ಮಾತ್ರೆ". ಅದೂ ಸ್ಟೀರಾಯ್ಡ್ ಅನ್ನೋದು ಅವನಿಗೆ ಗೊತ್ತೇ ಇರಲಿಲ್ಲ. ಮೊದಮೊದಲು ಮೂರ್ನಾಲ್ಕು ತಿಂಗಳಿಗೊಮ್ಮೆ ಒಂದು ವಾರ. ಆಮೇಲೆ ತಿಂಗಳಿಗೊಮ್ಮೆ. 2023ರ ಸಂಕ್ರಾಂತಿ ಕಳೆದ ಮೇಲೆ ದಿನಾ ಒಂದು.

ಆ ವರ್ಷ ಜೂನ್‌ನಲ್ಲಿ ನಾನು ಊರಿಗೆ ಹೋದಾಗ ಮೊದಲು ಕಂಡದ್ದು ಅವನ ಮುಖ. ಕೆನ್ನೆ ದುಂಡಗಾಗಿ ಕೆಂಪಾಗಿತ್ತು. ಅತ್ತಿಗೆ "ರಾತ್ರಿ ಎರಡಕ್ಕೆ ಎದ್ದು ಓಡಾಡ್ತಾರೆ, ಸಣ್ಣದಕ್ಕೂ ರೇಗ್ತಾರೆ, ಎಷ್ಟು ತಿಂದರೂ ಹಸಿವು ಅಂತಾರೆ" ಅಂದರು. ಅಂಗಡಿಯಲ್ಲಿ ಚಿಲ್ಲರೆ ಹುಡುಕಲು ಗಲ್ಲಾಪೆಟ್ಟಿಗೆ ಪಕ್ಕದ ಡ್ರಾಯರ್ ಎಳೆದೆ. ರಬ್ಬರ್ ಬ್ಯಾಂಡ್ ಹಾಕಿದ ಪ್ರೆಡ್ನಿಸೊಲೋನ್ ಪಟ್ಟಿಗಳು, ಪಕ್ಕದಲ್ಲಿ ಖಾಲಿ ಪಟ್ಟಿಗಳ ಕಟ್ಟು, ನಾಲ್ಕು ಮಡಿಕೆಯಲ್ಲಿ ಹರಿಯುವಷ್ಟು ಸವೆದ 2020ರ ಚೀಟಿ. ಡಾಕ್ಟರು ಎಳೆದ ಗೆರೆ ಸರಿಯಾಗಿ ಮಡಿಕೆಯ ಮೇಲೆ ಬಂದು ಅಳಿಸಿಹೋಗಿತ್ತು.

ಮಾರನೇ ದಿನ ರಕ್ತ ಪರೀಕ್ಷೆ ಮಾಡಿಸಿದೆವು. ಖಾಲಿ ಹೊಟ್ಟೆಯ ಶುಗರ್ 112. ಅವನು ಸಮಾಧಾನದ ನಿಟ್ಟುಸಿರು ಬಿಟ್ಟ. ಮಧ್ಯಾಹ್ನ ಊಟ ಆದ ಎರಡು ಗಂಟೆಗೆ 268. ಬೆಳಿಗ್ಗೆ ನುಂಗಿದ ಪ್ರೆಡ್ನಿಸೊಲೋನ್ ಶುಗರನ್ನು ಹೀಗೇ ಏರಿಸುತ್ತೆ, ಮಧ್ಯಾಹ್ನ ಮತ್ತು ಸಂಜೆಗೆ. ಬೆಳಗಿನ ಪರೀಕ್ಷೆ ಒಂದನ್ನೇ ನೋಡಿದವರಿಗೆ ಎಲ್ಲ ಸರಿ ಇದೆ ಅನ್ನಿಸಿಬಿಡುತ್ತೆ. ಸ್ಟೀರಾಯ್ಡ್ ಮಾತ್ರೆ ತಗೊಳ್ಳುವವರು ಮಧ್ಯಾಹ್ನದ ಊಟದ ನಂತರದ ಶುಗರ್ ನೋಡಿಸಿ ಅಂತ ನಾನು ಎಲ್ಲರ ಹತ್ತಿರ ಕೇಳಿಕೊಳ್ಳುತ್ತೇನೆ.

ಅವತ್ತು ಸಂಜೆ ಅಂಗಡಿ ಕಟ್ಟೆಯ ಮೇಲೆ ಕೂತು ಕಾಫಿಪುಡಿ ಕಟ್ಟುವ ಕಾಗದದ ಹಿಂದೆ ಚಿತ್ರ ಬರೆದು ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ನಿನ್ನ ಮೂಗಿನೊಳಗೆ ಯಾರೋ ಡಂಗುರ ಸಾರುತ್ತಿದ್ದಾರೆ ಅಂದುಕೋ. ಒಳಪೊರೆಯ ಜೀವಕೋಶಗಳು ಮತ್ತು ಅಲ್ಲಿರುವ ರೋಗನಿರೋಧಕ ಕೋಶಗಳು ಸುಳ್ಳು ಅಪಾಯಕ್ಕೆ ಸಂದೇಶ ಕಳಿಸುತ್ತಿವೆ. ಆ ಸಂದೇಶಗಳಿಗೆ ಇಂಟರ್‌ಲ್ಯೂಕಿನ್ ಅಂತ ಹೆಸರು. ನಿನ್ನಂಥ ಪಾಲಿಪ್‌ಗಳಲ್ಲಿ ಮುಖ್ಯವಾದವು 4, 5 ಮತ್ತು 13ನೇ ನಂಬರಿನವು. 5 ಇಯೋಸಿನೋಫಿಲ್ ಅನ್ನುವ ಬಿಳಿ ರಕ್ತಕಣಗಳನ್ನು ಕರೆಸುತ್ತೆ, ಬಂದವು ಬೇಗ ಸಾಯದ ಹಾಗೂ ನೋಡಿಕೊಳ್ಳುತ್ತೆ. 13 ಸಿಂಬಳ ಜಾಸ್ತಿ ಮಾಡಿಸುತ್ತೆ. 4 ಈ ಡಂಗುರ ನಿಲ್ಲದ ಹಾಗೆ ಇನ್ನಷ್ಟು ಕೋಶಗಳನ್ನು ಅದೇ ಕೆಲಸಕ್ಕೆ ತಯಾರು ಮಾಡುತ್ತೆ. ಬಂದು ಸೇರಿದ ಇಯೋಸಿನೋಫಿಲ್‌ಗಳು ಹುಳುಗಳನ್ನು ಕೊಲ್ಲಲು ಇಟ್ಟುಕೊಂಡ ವಿಷವನ್ನು ನಿನ್ನ ಸ್ವಂತ ಪೊರೆಯ ಮೇಲೇ ಸುರಿಯುತ್ತವೆ. ರಕ್ತನಾಳದಿಂದ ನೀರು ಸೋರುತ್ತೆ, ಪೊರೆ ಊದುತ್ತೆ, ಜೋಲುತ್ತೆ. ಸೈನಸ್ಸಿನ ಬಾಯಿ ಮುಚ್ಚುತ್ತೆ. ವಾಸನೆ ಹಿಡಿಯುವ ಜಾಗ ಮೂಗಿನ ಮೇಲ್ಛಾವಣಿಯ ಒಂದು ಕಿರಿದಾದ ಸಂದು. ಅಲ್ಲಿಗೆ ಗಾಳಿಯೇ ಹೋಗದಿದ್ದರೆ ಕಾಫಿ ಬೀಜ ಕೆಜಿಗಟ್ಟಲೆ ಹುರಿದರೂ ಏನು ಪ್ರಯೋಜನ?

ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾ ಕೊಲ್ಲುತ್ತೆ, ಆದರೆ ಇಲ್ಲಿ ಜಗಳ ಬ್ಯಾಕ್ಟೀರಿಯಾದ್ದಲ್ಲ. ಅಲರ್ಜಿ ಮಾತ್ರೆ ಹಿಸ್ಟಮಿನ್ ಅನ್ನುವ ಒಂದೇ ಒಂದು ಕೂಗನ್ನು ತಡೆಯುತ್ತೆ. ಸ್ಟೀರಾಯ್ಡ್ ಡಂಗುರದವನ ಕೈಯನ್ನೇ ಹಿಡಿದುಕೊಳ್ಳುತ್ತೆ. ಅದು ಕೊಬ್ಬಿನ ಜಾತಿಯ ಅಣು, ಜೀವಕೋಶದ ಪೊರೆ ದಾಟಲು ಬಾಗಿಲು ಬೇಕಿಲ್ಲ, ಸೀದಾ ಒಳಗೆ ಇಳಿಯುತ್ತೆ. ಒಳಗೆ ಅದಕ್ಕಾಗಿಯೇ ಕಾದಿರುವ ಒಂದು ರಿಸೆಪ್ಟರ್ ಇದೆ. ಎರಡೂ ಜೊತೆಯಾಗಿ ಕೋಶದ ಕೇಂದ್ರಕ್ಕೆ, ಅಂದರೆ ಡಿಎನ್‌ಎ ಇರುವಲ್ಲಿಗೆ ಹೋಗುತ್ತವೆ. ಉರಿಯೂತದ ಸಂದೇಶಗಳನ್ನು ಬರೆಸುವ ಎನ್‌ಎಫ್ ಕಪ್ಪಾ ಬಿ ಅನ್ನುವ ಮೇಸ್ತ್ರಿಯನ್ನು ಸುಮ್ಮನಾಗಿಸುತ್ತವೆ. ಉರಿಯೂತ ಇಳಿಸುವ ಕೆಲವು ಪ್ರೋಟೀನ್‌ಗಳನ್ನು ಹೊಸದಾಗಿ ಮಾಡಿಸುತ್ತವೆ. ಕರೆ ನಿಂತ ಮೇಲೆ ಇಯೋಸಿನೋಫಿಲ್‌ಗಳು ಸಾಯತೊಡಗುತ್ತವೆ, ಹೊಸವು ಬರುವುದಿಲ್ಲ, ಸೋರಿಕೆ ನಿಲ್ಲುತ್ತೆ, ಊತ ಇಳಿಯುತ್ತೆ. ಇದೆಲ್ಲ ಡಿಎನ್‌ಎ ಮಟ್ಟದಲ್ಲಿ ಆಗುವ ಕೆಲಸ, ಅದಕ್ಕೇ ನಿಮಿಷಗಳಲ್ಲಿ ಆಗುವುದಿಲ್ಲ. ಶುರುವಾಗಲು ಗಂಟೆಗಳು, ಕಣ್ಣಿಗೆ ಕಾಣಲು ದಿನಗಳು, ಸ್ಪ್ರೇಯಲ್ಲಾದರೆ ಪಾಲಿಪ್ ಕುಗ್ಗಲು ವಾರಗಳು, ತಿಂಗಳುಗಳು.

"ಹಾಗಾದರೆ ಮಾತ್ರೆ ಮೂರೇ ದಿನಕ್ಕೆ ಹೇಗೆ ಮಾಡ್ತು?" ಅಂತ ಅಣ್ಣ ಕೇಳಿದ. ಇದೇ ಸರಿಯಾದ ಪ್ರಶ್ನೆ. ಮಾಡುವ ಕೆಲಸ ಎರಡರದ್ದೂ ಒಂದೇ. ಮಾತ್ರೆ ರಕ್ತದ ಮೂಲಕ ಬರುತ್ತೆ, ಪಾಲಿಪ್‌ನ ಹಿಂದೆ, ಸಂದಿನ ಮೇಲೆ, ಎಲ್ಲ ಮೂಲೆಗೂ ಒಟ್ಟಿಗೆ ತಲುಪುತ್ತೆ. ಆದರೆ ಆ ರಿಸೆಪ್ಟರ್ ಮೂಗಿನಲ್ಲಿ ಮಾತ್ರ ಇಲ್ಲ ಅಲ್ವಾ, ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇದೆ. ಲಿವರ್‌ಗೆ ಹೋಗಿ ಸಕ್ಕರೆ ಜಾಸ್ತಿ ಮಾಡು ಅನ್ನುತ್ತೆ, ಮೂಳೆ ಸವೆಸುತ್ತೆ, ನಿದ್ದೆ ಕೆಡಿಸುತ್ತೆ, ಮುಖಕ್ಕೆ ಕೊಬ್ಬು ತರುತ್ತೆ, ಕಣ್ಣಿನಲ್ಲಿ ಪೊರೆ ತರಬಹುದು, ಸೊಂಟದ ಕೀಲಿನ ಮೂಳೆಯನ್ನು ಸಾಯಿಸಲೂಬಹುದು. ನಿಲ್ಲಿಸಿದ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಎರಡು ಮೂರು ತಿಂಗಳಲ್ಲಿ, ಡಂಗುರ ಮತ್ತೆ ಶುರು. ಅದಕ್ಕೇ ವರ್ಷಕ್ಕೆ ಒಂದೋ ಎರಡೋ ಸಲ, ವಾರ ಎರಡು ವಾರದ ಕೋರ್ಸ್, ಅದೂ ಡಾಕ್ಟರು ನೋಡಿ ಕೊಟ್ಟರೆ ಮಾತ್ರ ಅನ್ನೋದು.

ಸ್ಪ್ರೇ ಲೆಕ್ಕ ನೋಡಿ. ಒಂದು ಸಲ ಒತ್ತಿದರೆ 50 ಮೈಕ್ರೋಗ್ರಾಂ. ಅಣ್ಣನಿಗೆ ಬರೆದಿದ್ದು ದಿನಕ್ಕೆ 400 ಮೈಕ್ರೋಗ್ರಾಂ. ಮೊಮೆಟಾಸೋನ್ ತೂಕಕ್ಕೆ ತೂಕ ಪ್ರೆಡ್ನಿಸೊಲೋನ್‌ಗಿಂತ ಬಹಳ ಬಲವಾದದ್ದು, ಹಾಗಾಗಿ ಮಿಲಿಗ್ರಾಂ ಮಾತ್ರ ಹೋಲಿಸುವುದು ಸರಿಯಲ್ಲ. ಆದರೆ ಮೂಗಿಗೆ ಹೊಡೆದದ್ದರಲ್ಲಿ ರಕ್ತಕ್ಕೆ ಸೇರುವುದು ಶೇಕಡಾ 1ಕ್ಕಿಂತ ಕಡಿಮೆ. ಗಂಟಲಿಗೆ ಇಳಿದು ನುಂಗಿದ್ದನ್ನು ಲಿವರ್ ಮೊದಲ ಸುತ್ತಿನಲ್ಲೇ ಒಡೆದು ಹಾಕುತ್ತೆ. ಅಣ್ಣ ಎರಡು ವರ್ಷ ಹೆದರಿದ್ದು ಇದಕ್ಕೆ. ದಿನಾ ಬೆಳಿಗ್ಗೆ ಕಾಫಿ ಜೊತೆ ನುಂಗಿದ್ದು 10,000 ಮೈಕ್ರೋಗ್ರಾಂ ಪ್ರೆಡ್ನಿಸೊಲೋನ್, ಅದರ ಬಹುಪಾಲು ಸೀದಾ ರಕ್ತಕ್ಕೆ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತೆ. 1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ತಂಡ ಕೀಲುವಾತದಿಂದ ನರಳುತ್ತಿದ್ದ ಒಬ್ಬ ಹೆಂಗಸಿಗೆ ಮೊದಲ ಸಲ ಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟಿತು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. 1950ರಲ್ಲಿ ಹೆಂಚ್‌ಗೆ, ಜೊತೆಗೆ ರಸಾಯನ ವಿಜ್ಞಾನಿಗಳಾದ ಕೆಂಡಾಲ್ ಮತ್ತು ರೈಕ್‌ಸ್ಟೈನ್‌ಗೆ ನೊಬೆಲ್ ಬಂತು. ಹೆಚ್ಚು ದಿನ ಕೊಡುತ್ತಾ ಹೋದಂತೆ ದುಂಡು ಮುಖ, ಕೆಟ್ಟ ಮನಸ್ಥಿತಿ, ಸವೆದ ಮೂಳೆ ಒಂದೊಂದಾಗಿ ಕಾಣತೊಡಗಿದವು. ಬೇಕಾದ ಜಾಗಕ್ಕೆ ಮಾತ್ರ ಹಾಕಿ, ರಕ್ತಕ್ಕೆ ಹೋಗದ ಹಾಗೆ ಮಾಡಲು ಏನು ದಾರಿ ಅಂತ ವಿಜ್ಞಾನಿಗಳು ಹುಡುಕಿದ್ದಕ್ಕೆ 1970ರ ದಶಕದಲ್ಲಿ ಮೂಗಿನ ಸ್ಪ್ರೇಗಳು ಬಂದವು. ಅಣ್ಣ ಬಿಸಾಡಿದ ಡಬ್ಬಿಯ ಹಿಂದೆ ಇಷ್ಟೆಲ್ಲ ಕೆಲಸ ಇತ್ತು.

ಮಾತ್ರೆ ಬಿಡಿಸುವುದು ಸುಲಭವಾಗಲಿಲ್ಲ. ವಿಷಯ ಗೊತ್ತಾದ ತಕ್ಷಣ ಅವನು ಪಟ್ಟಿಗಳನ್ನೆಲ್ಲ ಒಲೆಗೆ ಹಾಕಲು ಹೊರಟಿದ್ದ. ನಾನು ಕೈ ಹಿಡಿದು ನಿಲ್ಲಿಸಿದೆ. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ದಿನಾ ಮಾಡುವ ಕಾರ್ಟಿಸಾಲ್, ಅಂದರೆ ದೇಹದ ಸ್ವಂತ ಸ್ಟೀರಾಯ್ಡ್, ಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ. ಹೊರಗಿನಿಂದ ತಿಂಗಳುಗಟ್ಟಲೆ 10 ಬರುತ್ತಿದ್ದರೆ ಆ ಗ್ರಂಥಿ ಕೆಲಸ ನಿಲ್ಲಿಸಿ ಮಲಗುತ್ತೆ. ಒಮ್ಮೆಲೇ ಮಾತ್ರೆ ನಿಂತರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಬೆಳಗಿನ ಎಂಟು ಗಂಟೆಯ ಕಾರ್ಟಿಸಾಲ್ ಪರೀಕ್ಷೆ ಮಾಡಿಸಿದಾಗ ನಿಜವಾಗಿಯೂ ಕಡಿಮೆ ಇತ್ತು. ಫಿಸಿಷಿಯನ್ ಒಬ್ಬರು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ನಾಲ್ಕು ತಿಂಗಳು ತೆಗೆದುಕೊಂಡರು. ಅಣ್ಣನಿಗೆ ಆ ನಾಲ್ಕು ತಿಂಗಳು ಮೈಕೈ ನೋವು, ಸುಸ್ತು, ಜೊತೆಗೆ ವಾಸನೆ ಒಂಚೂರೂ ಇಲ್ಲ. ಜ್ವರ ಬಂದರೆ ಅಥವಾ ಅಪಘಾತ ಆದರೆ ತೋರಿಸಲು ಜೇಬಿನಲ್ಲಿ ಒಂದು ಕಾರ್ಡ್ ಇಟ್ಟುಕೊಂಡಿದ್ದ, ಸ್ಟೀರಾಯ್ಡ್ ತಗೊಳ್ಳುತ್ತಿದ್ದೇನೆ ಅಂತ ಬರೆದು.

ಸ್ಪ್ರೇ ಹೊಡೆಯುವುದನ್ನು ಕನ್ನಡಿ ಮುಂದೆ ನಿಲ್ಲಿಸಿ ನೋಡಿದೆ. ತಲೆ ಹಿಂದಕ್ಕೆ ಎತ್ತಿ, ಬಲಗೈಯಲ್ಲಿ ಬಲ ಹೊಳ್ಳೆಗೆ ನೇರ ಮೇಲಕ್ಕೆ ಇಟ್ಟು, ಒತ್ತಿ, ಜೋರಾಗಿ ಎಳೆದುಕೊಳ್ಳುತ್ತಿದ್ದ. ಔಷಧ ಅರ್ಧ ಗಂಟಲಿಗೆ, ಅರ್ಧ ಮೂಗಿನ ನಡುಗೋಡೆಗೆ. ರಕ್ತದ ಎಳೆ ಬರುತ್ತಿದ್ದದ್ದು ಅದಕ್ಕೇ. ಈಗ ಮೊದಲು ಮೂಗು ತೊಳೆಯುತ್ತಾನೆ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸುತ್ತಾನೆ. ಎಡಗೈಯಿಂದ ಬಲ ಹೊಳ್ಳೆಗೆ, ಬಲಗೈಯಿಂದ ಎಡ ಹೊಳ್ಳೆಗೆ, ತುದಿ ಅದೇ ಕಡೆಯ ಕಿವಿಯತ್ತ ತಿರುಗಿರಬೇಕು. ಮೆಲ್ಲಗೆ ಉಸಿರು, ಹೂವಿನ ವಾಸನೆ ನೋಡುವಷ್ಟು. ಇಷ್ಟನ್ನು ಯಾರೂ ಅವನಿಗೆ ಕೈ ಹಿಡಿದು ತೋರಿಸಿರಲಿಲ್ಲ. ನನ್ನ ಸಿಟ್ಟು ಇರುವುದು ಇದರ ಮೇಲೆ. ಎರಡು ನಿಮಿಷದ ಕೆಲಸ ಅದು.

ಸರಿಯಾಗಿ ಹೊಡೆದರೂ ಅವನ ಪಾಲಿಪ್‌ಗಳು ದೊಡ್ಡವು, ಔಷಧ ದಾಟಿ ಒಳಗೆ ಹೋಗಲು ಜಾಗವೇ ಇರಲಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಗಾಳಿ ಇರಬೇಕಾದ ಕಪ್ಪು ಜಾಗವೆಲ್ಲ ಬೂದು. 24ಕ್ಕೆ 18 ಅಂಕ, ಇಲ್ಲಿ ಅಂಕ ಜಾಸ್ತಿ ಆದಷ್ಟೂ ಕೆಟ್ಟದ್ದು. 2023ರ ಡಿಸೆಂಬರ್‌ನಲ್ಲಿ ಎಂಡೋಸ್ಕೋಪ್ ಆಪರೇಷನ್ ಆಯಿತು. ಹೊರಗೆ ಒಂದು ಗೀರೂ ಇಲ್ಲ, ಎಲ್ಲ ಹೊಳ್ಳೆಯ ಮೂಲಕವೇ. ಅದಕ್ಕೆ ಮುಂಚೆ ಒಂದು ವಾರ ಮತ್ತೆ ಪ್ರೆಡ್ನಿಸೊಲೋನ್ ಕೊಟ್ಟರು, ಪಾಲಿಪ್ ಕುಗ್ಗಿ ರಕ್ತ ಕಡಿಮೆ ಹೋಗಲಿ ಅಂತ. ಈ ಸಲ ದಿನಾ ಶುಗರ್ ನೋಡುತ್ತಾ. ಅಣ್ಣ ಗಾಬರಿಯಾಗಿದ್ದ, ಆದರೆ ಒಳ್ಳೆಯ ಕೈಯಲ್ಲಿ ಅದೇ ಮಾತ್ರೆ ಒಳ್ಳೆಯ ಕೆಲಸ ಮಾಡುತ್ತೆ. ತೆಗೆದ ಪಾಲಿಪ್‌ನ ವರದಿಯಲ್ಲಿ ಇಯೋಸಿನೋಫಿಲ್ ರಾಶಿ ಇತ್ತು. ಸ್ಟೀರಾಯ್ಡ್‌ಗೆ ಬಗ್ಗುವ ಜಾತಿ ಅನ್ನೋದು ಖಾತ್ರಿಯಾಯಿತು. ಪಾಲಿಪ್ ಇಲ್ಲದ, ಇಯೋಸಿನೋಫಿಲ್ ಕಡಿಮೆ ಇರುವ ಸೈನಸ್ ತೊಂದರೆಯಲ್ಲಿ ಇಷ್ಟು ನಾಟಕೀಯ ಬದಲಾವಣೆ ಕಾಣುವುದು ಕಡಿಮೆ.

ಆಪರೇಷನ್ ಆಯ್ತು ಅಂದರೆ ಮುಗೀತು ಅಂತ ಎಷ್ಟೋ ಜನ ಔಷಧ ಬಿಡುತ್ತಾರೆ, ಪಾಲಿಪ್ ಮತ್ತೆ ಬರುತ್ತೆ. ಚಾಕು ಡಂಗುರ ನಿಲ್ಲಿಸುವುದಿಲ್ಲ, ಔಷಧ ಹೋಗಲು ದಾರಿ ಮಾಡಿಕೊಡುತ್ತೆ. ಈಗ ಅವನು 240 ಮಿಲಿಲೀಟರ್ ಉಪ್ಪುನೀರಿನಲ್ಲಿ ಅರ್ಧ ಮಿಲಿಗ್ರಾಂ ಬ್ಯುಡೆಸೊನೈಡ್ ಅನ್ನುವ ಸ್ಟೀರಾಯ್ಡ್ ದ್ರವ ಬೆರೆಸಿ ಬಾಟಲಿಯಿಂದ ಎರಡೂ ಹೊಳ್ಳೆ ತೊಳೆಯುತ್ತಾನೆ. ಅದು ಆಸ್ತಮಾದವರು ಮಷೀನ್‌ನಲ್ಲಿ ಎಳೆಯುವ ಔಷಧವೇ, ಮೂಗು ತೊಳೆಯಲು ಕೊಡುವುದು ಡಾಕ್ಟರ ನಿರ್ಧಾರ. ತೆರೆದ ಸೈನಸ್‌ಗಳೊಳಗೆ ನೀರು ನುಗ್ಗುತ್ತೆ, ಸ್ಪ್ರೇ ಮುಟ್ಟದ ಜಾಗವನ್ನೂ ಮುಟ್ಟುತ್ತೆ. ನೀರನ್ನು ಕುದಿಸಿ ಆರಿಸಲೇಬೇಕು. ಜಲನೇತಿ ಅಭ್ಯಾಸ ಇರುವವರಿಗೂ ಇದೇ ಮಾತು. ನೇರ ನಲ್ಲಿ ನೀರು, ಬಾವಿ ನೀರು ಬೇಡ. ಪಕ್ಕದ ಕೇರಳದಲ್ಲಿ ಮೂಗಿನಿಂದ ಮೆದುಳಿಗೆ ಏರುವ ಅಮೀಬಾ ಸೋಂಕಿನ ಪ್ರಕರಣಗಳನ್ನು ಓದಿದ್ದೇವಲ್ಲ.

ಆಪರೇಷನ್ ಆದ ಐದನೇ ವಾರ ಅತ್ತಿಗೆ ಒಗ್ಗರಣೆ ಹಾಕುವಾಗ "ಇಂಗು ಜಾಸ್ತಿ ಆಯ್ತು" ಅಂದನಂತೆ. ಅತ್ತಿಗೆ ಸೌಟು ಹಿಡಿದುಕೊಂಡೇ ಅತ್ತರಂತೆ. ಕಾಫಿ ವಾಸನೆ ಬರಲು ಇನ್ನೂ ಎರಡು ವಾರ ಹಿಡಿಯಿತು. ಪೂರ್ತಿ ಬಂದಿಲ್ಲ. ಚಿಕೋರಿ ಶೇಕಡಾ 20 ಇದೆಯೋ 30 ಇದೆಯೋ ಅನ್ನೋದನ್ನು ಈಗ ತೂಕ ಮಾಡಿಯೇ ಹಾಕುತ್ತಾನೆ, ಮೊದಲಾದರೆ ಮೂಗೇ ಹೇಳುತ್ತಿತ್ತು. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಶೇಕಡಾ 7.4 ಇದ್ದದ್ದು 6.1ಕ್ಕೆ ಇಳಿದಿದೆ. ಕಣ್ಣು ಪರೀಕ್ಷೆಯೂ ಆಗಿದೆ, ಪೊರೆ ಇಲ್ಲ.

ಹೋದ ವರ್ಷ ಮಗಳ ಮದುವೆ ಓಡಾಟದಲ್ಲಿ ಮೂರು ವಾರ ತೊಳೆಯೋದನ್ನು ಬಿಟ್ಟಿದ್ದ. ಛತ್ರದಲ್ಲಿ ಮಲ್ಲಿಗೆ ದಂಡೆ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದು "ಏನೂ ಬರ್ತಿಲ್ಲ ಕಣೇ" ಅಂದ. ಮಾತ್ರೆ ಕೇಳಲಿಲ್ಲ. ಮನೆಗೆ ಹೋಗಿ ಮಾರನೇ ದಿನದಿಂದಲೇ ತೊಳೆಯಲು ಶುರು ಮಾಡಿದ, ತಿಂಗಳು ದಾಟಿದ ಮೇಲೆ ವಾಸನೆ ಮರಳಿತು. ಕಳೆದ ಸಲದ ಎಂಡೋಸ್ಕೋಪಿಯಲ್ಲಿ ಎಡಗಡೆ ಮೇಲೆ ಸಣ್ಣ ಊತ ಒಂದು ಕಂಡಿದೆ. ಈಗಿನ ಔಷಧವನ್ನೇ ಮುಂದುವರಿಸಿ ಮೂರು ತಿಂಗಳಿಗೆ ಬನ್ನಿ ಅಂದಿದ್ದಾರೆ. ಬಾಟಲಿ, ಕುದಿಸಿ ಆರಿಸಿದ ನೀರಿನ ತಾಮ್ರದ ಚೊಂಬು, ಔಷಧದ ಡಬ್ಬಿ ಈಗ ಅಂಗಡಿಯ ಅದೇ ಡ್ರಾಯರ್ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇವೆ.